ಘಾಟಕನ್ಯೆಗೆ ಸೀರೆ ಉಡಿಸಿದ ಕೈ

ಬೆಳಗಿನ ಆರೂವರೆ. ಬಿಬವೇವಾಡಿಯ ತರಕಾರಿ ಮಾರುಕಟ್ಟೆಯ ಹಿಂದಿನ ಚಾಳಿನಲ್ಲಿ ಎಲ್ಲರ ಮನೆಯ ಬಲ್ಬೂ ಹೊತ್ತಿಕೊಂಡಿವೆ. ಒಂದು ಮನೆಯದು ಮಾತ್ರ ಆರಿದೆ. ಚಂದಮ್ಮ ಬೇಕೆಂದೇ ಆರಿಸಿದ್ದಾರೆ. ಕಿಟಕಿಯ ಕೆಳಗೆ ಚಾಪೆ ಹಾಸಿ, ತೊಡೆಯ ಮೇಲೆ ಮಣೆ ಇಟ್ಟುಕೊಂಡು, ಒದ್ದೆ ಬ್ರಷ್ ಹಿಡಿದು ಬೆಳಕಿಗೆ ಕಾಯುತ್ತಿದ್ದಾರೆ. ಮಣೆಯ ಮೇಲೆ ದಪ್ಪ ಕಾಗದದ ಒಂದು ಹಾಳೆ ಇದೆ. ಅದರ ಮೇಲೆ ತೆಳು ನೀಲಿ ಗೆರೆಯಲ್ಲಿ ಒಬ್ಬ ಹುಡುಗಿ ಕಣಿವೆಯ ಈ ದಂಡೆಯಿಂದ ಆ ದಂಡೆಗೆ ಹಾರುತ್ತಿದ್ದಾಳೆ.

"ಬಲ್ಬಿನ ಬೆಳಕು ಸುಳ್ಳು ಹೇಳ್ತದ್ರಿ ಸರ. ಹಳದಿನ ಬಿಳಿ ಅಂತದ, ನೀಲಿನ ಹಸರು ಅಂತದ. ಮುಂಜಾನಿ ಬೆಳಕು ಖರೆ ಹೇಳ್ತದ" ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ. ಗಂಡ ಅಂಬಣ್ಣ ಸದ್ದಿಲ್ಲದೆ ಚಹಾ ತಂದಿಟ್ಟು, ಟೆಂಪೊ ತೆಗೆಯಲು ಹೊರಡುತ್ತಾರೆ. ಈ ಎರಡು ತಾಸು ಹೆಂಡತಿಯ ಜೊತೆ ಮಾತಾಡಬಾರದು ಎನ್ನುವುದು ಅವರಿಗೆ ಅಭ್ಯಾಸವಾಗಿದೆ.

ಮಾತಾಡುವ ಹಕ್ಕು ಇರುವುದು ಒಬ್ಬರಿಗೆ ಮಾತ್ರ. ಹೊಸ್ತಿಲಲ್ಲಿ ಕಾಲು ಚಾಚಿ ಕೂತಿರುವ ಚಂದಮ್ಮನ ತಾಯಿ ಅಂಬಾಬಾಯಿಗೆ. ಇಪ್ಪತ್ತು ವರ್ಷ ಇಟ್ಟಂಗಿ ಹೊತ್ತ ಮೊಣಕಾಲು ಈಗ ಮಡಚುವುದಿಲ್ಲ. ಕಣ್ಣು ಮಾತ್ರ ಹದ್ದಿನದು. ಬೆಳಕು ಹಾಳೆಯ ಮೇಲೆ ಬಿದ್ದು, ಚಂದಮ್ಮ ನಾಲ್ಕು ಸಲ ಬ್ರಷ್ ಎಳೆಯುವಷ್ಟರಲ್ಲಿ ಹೊಸ್ತಿಲಿನಿಂದ ತೀರ್ಪು ಬರುತ್ತದೆ.

"ಕಚ್ಚಿ ಸಡ್ಲ ಅದ. ಹಿಂಗ ಉಟ್ಟು ಹಾರಿದ್ರ ಹಳ್ಳದಾಗ ಬೀಳ್ತಾಳ ಆಕಿ."

ಚಂದಮ್ಮ ಬ್ರಷ್ಷನ್ನು ನೀರಿಗದ್ದಿ, ಹಚ್ಚಿದ್ದನ್ನು ಹಗುರಾಗಿ ಎತ್ತಿ ತೆಗೆದು, ಚಿಂದಿಗೆ ಒರೆಸಿ ಮತ್ತೆ ಶುರು ಮಾಡುತ್ತಾರೆ. ಇವತ್ತು ಶನಿವಾರ. ಹಾಳೆಗಳು ನಾಳೆ ಪ್ರೆಸ್ಸಿಗೆ ಹೋಗಬೇಕು. ಇದು ಹನ್ನೊಂದನೆಯ ಪುಟ, ಕೊನೆಯದು. ಇವತ್ತು ಮುಗಿಯದಿದ್ದರೆ ಈ ಹುಡುಗಿಯ ಸೀರೆ ಚಂದಮ್ಮನ ಕೈ ತಪ್ಪಿ ಹೋಗುತ್ತದೆ. ಅದು ಹೇಗೆಂದು ಹೇಳಲು ನಾನು ಹತ್ತು ವರ್ಷ ಹಿಂದಕ್ಕೆ ಹೋಗಬೇಕು. ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು.

ತೊಂಬತ್ತರ ದಶಕದಲ್ಲಿ ಪುಣೆಯಲ್ಲಿ ಬೆಳೆದ ಮಕ್ಕಳಿಗೆ 'ಸಹ್ಯವೀರ'ನ ಪರಿಚಯ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಅದು ಮರಾಠಿ ಮತ್ತು ಹಿಂದಿಯಲ್ಲಿ ತಿಂಗಳಿಗೊಮ್ಮೆ ಬರುತ್ತಿದ್ದ ಮೂವತ್ತೆರಡು ಪುಟದ ಬಣ್ಣದ ಕಾಮಿಕ್ಸ್. ಬೆನ್ನಿಗೆ ಕೇಸರಿ ಬಟ್ಟೆ ಕಟ್ಟಿಕೊಂಡು ಘಾಟಿನ ಬಂಡೆಗಳ ಮೇಲೆ ಹಾರುವ ವೀರ, ಅವನ ಗುದ್ದಿಗೆ ಲಾರಿ ಪಲ್ಟಿ. ನಡೆಸುತ್ತಿದ್ದವರು ನಮ್ಮವರೇ, ಕರಾವಳಿಯ ಭುಜಂಗ ಶೆಟ್ಟರು. ಕೋಥರೂಡದಲ್ಲಿ ಕೆಳಗೆ ಅವರ ಹೋಟೆಲು, ಮೇಲಿನ ಮಹಡಿಯಲ್ಲಿ ಕಾಮಿಕ್ಸಿನ ಆಫೀಸು. ಕೆಳಗಿನ ಸಾಂಬಾರಿನ ಪರಿಮಳ ಮೇಲಿನ ಹಾಳೆಗೂ ಹತ್ತುತ್ತಿತ್ತು. ಚಿತ್ರ ಬರೆಯುತ್ತಿದ್ದವರು ಮಹೇಶಕುಮಾರ. ಅರವತ್ತೈದನೆಯ ಸಂಚಿಕೆಯಲ್ಲಿ, ಅಂದರೆ ೧೯೯೬ರ ಮೇ ತಿಂಗಳಲ್ಲಿ, 'ಘಾಟಕನ್ಯಾ' ಎಂಬ ಹುಡುಗಿ ಬಂದಳು. ಇಳಕಲ್ಲ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಸೆರಗನ್ನು ಸೊಂಟಕ್ಕೆ ಬಿಗಿದು ಹಾರುವ ವೀರೆ. ವರ್ಷ ತುಂಬುವುದರೊಳಗೆ ಅವಳಿಗೇ ಬೇರೆ ಪುಸ್ತಕ ಬಂತು. ಮುಂದೆ ಅವಳದೇ ಹೆಚ್ಚು ಖರ್ಚಾಗತೊಡಗಿ, ಪಾಪ ಸಹ್ಯವೀರ ಮನೆ ಅಳಿಯನಂತಾದ.

೧೯೯೮ರಲ್ಲಿ ಇದೇ ಪುರವಣಿಗೆ ನಾನು ಘಾಟಕನ್ಯೆಯ ಬಗ್ಗೆ ಅರ್ಧ ಪುಟ ಬರೆದೆ. ಗೆದ್ದ ಎತ್ತಿನ ಬಾಲ ಹಿಡಿಯುವುದು ನಮ್ಮ ಕಸುಬು. ಮಹೇಶಕುಮಾರರನ್ನು ಮಾತಾಡಿಸಿ, 'ದೇಸಿ ವೀರೆಗೆ ಸೀರೆ ಉಡಿಸಿದ ದಾರ್ಶನಿಕ' ಎಂದು ತಲೆಬರಹ ಕೊಟ್ಟೆ. ಆಗ ಅದನ್ನು ಓದಿ ಹೆಮ್ಮೆಪಟ್ಟಿದ್ದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಆ ಸೀರೆ ಉಡಿಸಿದವರು ಅದೇ ಕೋಣೆಯಲ್ಲಿ, ನನ್ನಿಂದ ನಾಲ್ಕು ಮಾರು ದೂರದಲ್ಲಿ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದರು. ನಾನು ಅವರನ್ನು ದಾಟಿಕೊಂಡು ಹೋಗಿ ಕುರ್ಚಿಯ ಮೇಲೆ ಕೂತಿದ್ದೆ.

ಚಂದಮ್ಮ ಶಹಾಪುರದ ಕಡೆಯವರು. ಎಂಟನೆಯ ವಯಸ್ಸಿಗೆ ಅಪ್ಪ ಲಾಲಪ್ಪ ಮತ್ತು ತಾಯಿಯ ಜೊತೆ ಪುಣೆಗೆ ಬಂದರು. ಕೋಥರೂಡದಲ್ಲಿ ಅಪಾರ್ಟ್‌ಮೆಂಟುಗಳು ಒಂದರ ಮೇಲೊಂದು ಏಳುತ್ತಿದ್ದ ಕಾಲ ಅದು. ಕಟ್ಟುವ ಕಟ್ಟಡದಲ್ಲೇ ವಾಸ, ಮುಗಿದ ಮೇಲೆ ಮುಂದಿನ ಕಟ್ಟಡ. ಕಾರ್ಪೊರೇಷನ್ ಶಾಲೆಯಲ್ಲಿ ಮರಾಠಿಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದರು. ಆಮೇಲೆ ತಾಯಿಯ ಹಿಂದೆ ಬುಟ್ಟಿ ಹೊರುವ ಕೆಲಸ. "ನಮ್ಮವ್ವ ಬಿದಿರಿನ ಕಟ್ಟಿಗಿ ಮ್ಯಾಲ ನಾಕನೇ ಮಜಲಿನ ತನಕ ತಲಿ ಮ್ಯಾಲ ಕಾಂಕ್ರೀಟ್ ಹೊತ್ತು ಏರ್ತಿದ್ಳರಿ. ಒಂದ ಕೈ ಬುಟ್ಟಿಗಿ, ಒಂದ ಕೈ ಬಿದಿರಿಗಿ. ಸೀರಿ ಹಿಡ್ಕೊಳ್ಳಾಕ ಮೂರನೇ ಕೈ ಎಲ್ಲಿಂದ ತರ್ಬೇಕು? ಅದಕ್ಕ ಕಚ್ಚಿ ಬಿಗಿ ಹಾಕ್ತಿದ್ಳು."

೧೯೯೦ರಲ್ಲಿ ಶೆಟ್ಟರು ಹೋಟೆಲಿನ ಮೇಲೆ ಮಹಡಿ ಕಟ್ಟಿಸಿದರು. ಹಳೆಯ ಗೋಡೆಯ ಒಂದು ಕಡೆ ಗಾರೆ ಕಿತ್ತು ತೇಪೆ ಹಾಕಿದಾಗ ಬಣ್ಣ ಹೊಂದಲಿಲ್ಲ. ಗುತ್ತಿಗೆದಾರ ಮೂರು ಸಲ ಕಲಸಿದ, ಮೂರು ಸಲವೂ ತೇಪೆ ತೇಪೆಯಾಗಿಯೇ ಕಂಡಿತು. ಬುಟ್ಟಿ ಹೊರುತ್ತಿದ್ದ ಹದಿನೆಂಟರ ಹುಡುಗಿ ತಡೆಯಲಾರದೆ, ಸುಣ್ಣಕ್ಕೆ ಒಂದು ಚಿಟಿಕೆ ಇಟ್ಟಂಗಿ ಪುಡಿ, ಒಂದು ಹನಿ ನೀಲಿ ಹಾಕಿ ಬಳಿದಳು. ಮರುದಿನ ಒಣಗಿದ ಮೇಲೆ ತೇಪೆ ಎಲ್ಲಿತ್ತೆಂದು ಹುಡುಕಲು ಶೆಟ್ಟರು ಗೋಡೆಯನ್ನು ತಡವಬೇಕಾಯಿತು. ಆ ವಾರವೇ, ಶುರುವಾಗಲಿದ್ದ ಕಾಮಿಕ್ಸಿಗೆ ಬಣ್ಣ ಹಚ್ಚಲೆಂದು ಅವಳ ಕೈಗೆ ಬ್ರಷ್ ಬಂತು.

೧೯೯೧ರಿಂದ ೨೦೦೨ರವರೆಗೆ ನೂರ ನಲವತ್ತು ಸಂಚಿಕೆಗಳಿಗೆ ಬಣ್ಣ ಹಚ್ಚಿದವರು ಇಬ್ಬರೇ, ಚಂದಮ್ಮ ಮತ್ತು ಸುಲಭಾ ಎಂಬ ಅವರ ಗೆಳತಿ. ದಿನಕ್ಕೊಂದು ಪುಟ. ಚಂದಮ್ಮನ ಪಾಲಿಗೆ ಬಂದದ್ದು ಎರಡು ಸಾವಿರದ ಇನ್ನೂರಕ್ಕೂ ಮೇಲೆ. ಪುಸ್ತಕದ ಎರಡನೆಯ ಪುಟದಲ್ಲಿ ಕಥೆಗಾರರ, ಚಿತ್ರಕಾರರ, ಪ್ರಕಾಶಕರ, ಪ್ರೆಸ್ಸಿನ ಹೆಸರಿರುತ್ತಿತ್ತು. ಕೆಳಗೆ ಹೋಟೆಲಿನ ಮಸಾಲೆ ದೋಸೆಯ ಜಾಹೀರಾತೂ ಇರುತ್ತಿತ್ತು. ಬಣ್ಣ ಹಚ್ಚಿದವರ ಹೆಸರಿಗೆ ಮಾತ್ರ ಜಾಗ ಸಾಲುತ್ತಿರಲಿಲ್ಲ. ಒಬ್ಬರ ಕೈ ಕೆಸರಾಗಿ ಇನ್ನೊಬ್ಬರ ಬಾಯಿ ಮೊಸರಾಗುವ ನ್ಯಾಯ ಇದು. ಕಾಮಿಕ್ಸು ಇದಕ್ಕೆ ಹೊರತಲ್ಲ.

ಕೆಲಸದ ಒಂದು ಪದ್ಧತಿ ಇಲ್ಲಿ ತಿಳಿದಿರಬೇಕು. ಚಿತ್ರಕಾರರ ಕಪ್ಪು ಗೆರೆ ಒಂದು ಪಾರದರ್ಶಕ ಹಾಳೆಯಲ್ಲಿರುತ್ತದೆ. ಬಣ್ಣ, ಅದೇ ಗೆರೆಯನ್ನು ತೆಳು ನೀಲಿಯಲ್ಲಿ ಮೂಡಿಸಿದ ಇನ್ನೊಂದು ಹಾಳೆಯಲ್ಲಿ. ಅಚ್ಚಿನಲ್ಲಿ ಎರಡೂ ಒಂದಾಗುತ್ತವೆ. ಅವಸರದಲ್ಲಿ ಮಹೇಶಕುಮಾರರು ಎಲ್ಲವನ್ನೂ ಬರೆಯುತ್ತಿರಲಿಲ್ಲ. ಮೋಡ, ಗೋಡೆಯ ಇಟ್ಟಂಗಿ, ಪರದೆಯ ಹೂವು, ಇವನ್ನೆಲ್ಲ ಖಾಲಿ ಬಿಟ್ಟು "ಅಲ್ಲಿ ನೀವೇ ನೋಡ್ಕೋರಿ" ಎನ್ನುತ್ತಿದ್ದರು. ಚಿತ್ರಕಾರರು ಬರೆಯದೆ ಬಿಟ್ಟದ್ದನ್ನು ಬಣ್ಣದವರು ತುಂಬಬೇಕು ಎನ್ನುವುದು ಆ ಕೋಣೆಯ ಕಟ್ಟಳೆ.

ಅರವತ್ತೈದನೆಯ ಸಂಚಿಕೆಯ ಹಾಳೆಗಳು ಬಂದಾಗ ಮಹೇಶಕುಮಾರರು ಊರಿಗೆ ಹೋಗಿದ್ದರು. ಹನ್ನೊಂದು ಪುಟಗಳಲ್ಲಿ ಹೊಸ ಹುಡುಗಿ ಇದ್ದಳು. ವಿದೇಶಿ ಕಾಮಿಕ್ಸಿನ ವೀರೆಯರ ಹಾಗೆ ಮೇಲೊಂದು ಸಣ್ಣ ಅಂಗಿ, ಸೊಂಟಕ್ಕೊಂದು ಪಟ್ಟಿ, ಕೆಳಗೆ ಬರಿ ತೊಡೆ. ಚಂದಮ್ಮನಿಗೆ ಅದು ಬರಿ ತೊಡೆ ಎಂದು ಹೊಳೆಯಲೇ ಇಲ್ಲ.

"ಘಟ್ಟದ ಜಾಲಿಮುಳ್ಳಿನಾಗ ಯಾವ ಹೆಣ್ಮಗಳು ಬರೇ ತೊಡಿಲೆ ಹಾರ್ತಾಳ್ರಿ? ತೊಗಲು ಕಿತ್ತು ಬರ್ತದ. ಸಾಹೇಬ್ರಿಗಿ ಟೈಮ್ ಆಗಿಲ್ಲ, ಅರಿವಿ ನಮಗ ಬಿಟ್ಟಾರ ಅಂದ್ಕೊಂಡೆ. ಮೋಡ ಬಿಡ್ತಿದ್ರು, ಇಟ್ಟಂಗಿ ಬಿಡ್ತಿದ್ರು, ಸೀರಿನೂ ಬಿಟ್ಟಾರ. ಹಾರೋ ಹೆಣ್ಮಗಳು ಅಂದ್ರ ನಾ ಕಂಡಾಕಿ ನಮ್ಮವ್ವ ಒಬ್ಬಾಕಿ. ಆಕಿ ಉಟ್ಟಂಗ ಉಡಿಸಿದೆ."

ಒಂದೂ ಕಪ್ಪು ಗೆರೆಯಿಲ್ಲದೆ, ಬರೀ ಬಣ್ಣದಲ್ಲೇ ಉಡಿಸಿದರು. ಕಪ್ಪು ಹಸಿರಿನ ಒಡಲು, ಕೆಂಪು ದಡಿ, ಸೆರಗಿಗೆ ಬಿಳಿ ತೆನೆಯ ಚಿತ್ತಾರ. ನೆರಿಗೆಗೆ ಗೆರೆ ಇಲ್ಲ, ಅದೇ ಹಸಿರು ಒಂದು ಕಡೆ ಗಾಢ, ಇನ್ನೊಂದು ಕಡೆ ತೆಳು. ಹಾಳೆಗಳು ಹಾಗೆಯೇ ಪ್ರೆಸ್ಸಿಗೆ ಹೋದವು. ಅಚ್ಚಾಗಿ ಬಂದ ಕಟ್ಟು ಬಿಚ್ಚಿದ ಶೆಟ್ಟರು ಕೂಗಿದ್ದು ಕೆಳಗೆ ದೋಸೆ ತಿನ್ನುತ್ತಿದ್ದವರಿಗೂ ಕೇಳಿಸಿತಂತೆ. "ಎಂಥ ಮಾರಾಯ್ತಿ ಇದು! ಯಾರು ಹೇಳಿದ್ದು ನಿನಗೆ ಸೀರೆ ಉಡಿಸ್ಲಿಕ್ಕೆ? ಇಪ್ಪತ್ತು ಸಾವಿರ ಪ್ರತಿ!" ಅಂದೇ ಚಂದಮ್ಮನನ್ನು ಮನೆಗೆ ಕಳಿಸಿದರು. ಮರುದಿನ ಅವರು ತಾಯಿಯ ಜೊತೆ ಬುಟ್ಟಿ ಹೊರಲು ನಿಂತರು.

ಹತ್ತೊಂಬತ್ತು ದಿನ ಹೊತ್ತರು. ಅಷ್ಟರಲ್ಲಿ ಆಫೀಸಿಗೆ ಕಾಗದಗಳು ಬರತೊಡಗಿದವು. ಮೊದಲು ಹತ್ತು, ಆಮೇಲೆ ದಿನಕ್ಕೆ ನಲವತ್ತು. ಬರೆದವರಲ್ಲಿ ಮುಕ್ಕಾಲು ಪಾಲು ಹುಡುಗಿಯರು, ಅದುವರೆಗೆ ಸಹ್ಯವೀರನಿಗೆ ಒಂದು ಕಾರ್ಡೂ ಹಾಕದವರು. ದೌಂಡದ ರೈಲ್ವೆ ಕಾಲೊನಿಯ ಒಬ್ಬಳು ಬರೆದಿದ್ದಳು: 'ನನ್ನ ಅಜ್ಜಿಯೂ ಹೀಗೇ ಉಡುತ್ತಾಳೆ. ಇಷ್ಟು ದಿನ ನನಗೆ ನಾಚಿಕೆಯಾಗುತ್ತಿತ್ತು. ಈಗ ಅವಳ ಸೀರೆ ಉಟ್ಟುಕೊಂಡು ಗೋಡೆ ಹಾರುತ್ತೇನೆ.' ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಶೆಟ್ಟರು ಕಟ್ಟಡ ಹುಡುಕಿಕೊಂಡು ಬಂದು, ಮರಳಿನ ಗುಡ್ಡೆಯ ಪಕ್ಕ ನಿಂತು ಓದಿ ಹೇಳಿದರು. "ಬಾ ಮಾರಾಯ್ತಿ. ನೀನು ಮಾಡಿದ್ದೇ ಸರಿ ಉಂಟು." ಬಿದಿರಿನ ಅಟ್ಟಣಿಗೆಯ ಮೇಲಿದ್ದ ಅಂಬಾಬಾಯಿ ಇಳಿದು ಬರಲಿಲ್ಲವಂತೆ. "ಹೊತ್ತಿದ್ದ ಬುಟ್ಟಿ ಇಳಿಸಿ ಹೋಗು, ನಡುವ ಬಿಡಬ್ಯಾಡ" ಎಂದು ಮೇಲಿನಿಂದಲೇ ಹೇಳಿದರಂತೆ.

ಅರವತ್ತಾರನೆಯ ಸಂಚಿಕೆಯಿಂದ ಮಹೇಶಕುಮಾರರು ಸೀರೆಯನ್ನು ಕಪ್ಪು ಗೆರೆಯಲ್ಲಿ ಬರೆಯತೊಡಗಿದರು. ಗೆರೆ ಯಾರದೋ ಹೆಸರೂ ಅವರದೇ. ಜನ ಅವರಿಗೆ ಶಾಲು ಹೊದಿಸಿದರು, ಭಾಷಣ ಮಾಡಿಸಿದರು, ನಾನು ಲೇಖನ ಬರೆದೆ.

೨೦೦೨ರಲ್ಲಿ ಕಾಮಿಕ್ಸ್ ನಿಂತಿತು. ಶೆಟ್ಟರು ಊರಿಗೆ ಹೋಗಿ ನೆಲೆಸಿದರು. ಚಂದಮ್ಮ ಬಿಬವೇವಾಡಿಯ ಪೇಂಟಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಜನ ತಮ್ಮ ಗೋಡೆಯ ಚಕ್ಕೆ ಕಿತ್ತು ತರುತ್ತಾರೆ, ಇವರು ಅದಕ್ಕೆ ಸರಿಯಾಗಿ ಬಣ್ಣ ಕಲಸಿ ಕೊಡುತ್ತಾರೆ. ದಿನಕ್ಕೆ ಮೂವತ್ತು ಡಬ್ಬಿ. "ಒಂದೂ ವಾಪಸ್ ಬಂದಿಲ್ರಿ" ಎನ್ನುವಾಗ ದನಿ ಸ್ವಲ್ಪ ಎತ್ತರವಾಗುತ್ತದೆ.

ಕಳೆದ ವರ್ಷ ಶೆಟ್ಟರ ಮಗಳು ತೃಪ್ತಿ ಘಾಟಕನ್ಯೆಯ ಕಥೆಗಳನ್ನೆಲ್ಲ ಸೇರಿಸಿ ರಟ್ಟಿನ ಹೊದಿಕೆಯ ದೊಡ್ಡ ಪುಸ್ತಕ ತರಲು ಹೊರಟರು. ಮಹಡಿಯ ಕಪಾಟು ತೆಗೆದರೆ ಬಣ್ಣದ ಹಾಳೆಗಳನ್ನು ಗೆದ್ದಲು ತಿಂದಿತ್ತು. ಕಪ್ಪು ಗೆರೆಯ ಪಾರದರ್ಶಕ ಹಾಳೆಗಳು ಮಾತ್ರ ಉಳಿದಿದ್ದವು. ಅಗ್ಗದ ಕಾಗದದ ಹಳೆಯ ಪ್ರತಿಗಳ ಬಣ್ಣ ಮಾಸಿದ್ದರಿಂದ ಅವನ್ನು ನೋಡಿ ಮತ್ತೆ ಅಚ್ಚು ಹಾಕುವಂತಿರಲಿಲ್ಲ. ಅರವತ್ತೈದನೆಯದನ್ನು ಕಿಟಕಿಗೆ ಹಿಡಿದು ನೋಡಿದಾಗ ತೃಪ್ತಿ ದಂಗಾದರಂತೆ. "ಸೀರೆಯೇ ಇಲ್ಲ! ನಾನು ಹದಿನಾರು ವರ್ಷದವಳಿದ್ದಾಗ ಇದನ್ನು ನೂರು ಸಲ ಓದಿದ್ದೆ. ಪ್ರತಿ ನೆರಿಗೆ ನೆನಪುಂಟು. ಈ ಫಿಲ್ಮ್ ಹಾಳೆಯಲ್ಲಿ ನೋಡಿದ್ರೆ ಒಂದು ಲೈನ್ ಕೂಡ ಇಲ್ಲ. ಹಾಗಾದ್ರೆ ನಾನು ನೋಡಿದ್ದು ಎಂಥದು?"

ಊರಿಗೆ ಫೋನು ಮಾಡಿ ಅಪ್ಪನನ್ನು ಕೇಳಿದರು. ಶೆಟ್ಟರು, "ಅದು ಚಂದಮ್ಮ ಮಾಡಿದ್ದು" ಎಂದರಂತೆ.

ಈಗಿನ ಬಣ್ಣ ಕಂಪ್ಯೂಟರಿನದು. ಉಳಿದ ಸಂಚಿಕೆಗಳಿಗೆ ಅದರಲ್ಲೇ ಹಚ್ಚಿದ್ದಾಯಿತು. ಆದರೆ ಅದಕ್ಕೆ ಸುತ್ತ ಮುಚ್ಚಿದ ಗೆರೆ ಬೇಕು, ಗೆರೆಯೊಳಗೆ ಮಾತ್ರ ಬಣ್ಣ ನಿಲ್ಲುತ್ತದೆ. ಗೆರೆಯೇ ಇಲ್ಲದ ಸೀರೆ ಅದಕ್ಕೆ ಕಾಣುವುದಿಲ್ಲ. ಮಹೇಶಕುಮಾರರಿಂದ ಹಳೆಯ ಹಾಳೆಗಳ ಮೇಲೆ ನೆರಿಗೆಯ ಗೆರೆ ಎಳೆಸುವುದು ಸುಲಭದ ದಾರಿ. ಅವರೂ ಒಪ್ಪಿದ್ದರು. ಈ ಸುದ್ದಿ ತಿಳಿದ ಚಂದಮ್ಮ ಎರಡು ಬಸ್ಸು ಬದಲಾಯಿಸಿ ಕೋಥರೂಡಕ್ಕೆ ಹೋದರು. ಹನ್ನೊಂದು ವರ್ಷ ಬಣ್ಣ ಹಚ್ಚಿಯೂ ಏನನ್ನೂ ಕೇಳದವರು ಅಂದು ಒಂದನ್ನು ಕೇಳಿದರು.

"ಹೆಸ್ರು ಹಾಕ್ರಿ, ಬಿಡ್ರಿ, ಅದು ನಿಮ್ಮ ಮರ್ಜಿ. ಆದ್ರ ಆ ಸೀರಿಗಿ ಗೆರಿ ಹಾಕಬ್ಯಾಡ್ರಿ ಅಂದೆ. ಗೆರಿ ಹಾಕಿದ್ರ ಅದು ಅವರ್ದಾಗ್ತದ. ಇಷ್ಟ ದಿನ ಪುಸ್ತಕ ತಗದು ನೋಡಿದ್ರ ನಂದು ಅಂತ ನನಗರ ಗೊತ್ತಾಗ್ತಿತ್ತು. ಅದೂ ಹೋಗ್ತದಲ್ರಿ."

ತೃಪ್ತಿ ನಲವತ್ತೈದು ದಿನ ಕೊಟ್ಟರು. ಪ್ರೆಸ್ಸಿನವರು ಅದಕ್ಕಿಂತ ಒಂದು ದಿನವೂ ಕಾಯುವುದಿಲ್ಲ. ಚಂದಮ್ಮನಿಗೆ ಅಂಗಡಿಯ ಕೆಲಸ ಬಿಡುವಂತಿಲ್ಲ, ಬಲ್ಬಿನಡಿ ಬಣ್ಣ ಹಚ್ಚುವುದಿಲ್ಲ. ಉಳಿದದ್ದು ಬೆಳಗಿನ ಎರಡು ತಾಸು. ಒಂದು ಪುಟಕ್ಕೆ ನಾಲ್ಕು ಬೆಳಗು, ಹನ್ನೊಂದು ಪುಟಕ್ಕೆ ನಲವತ್ತನಾಲ್ಕು. ಒಂದೇ ದಿನದ ಬಿಡುವು ಇತ್ತು. ಜನವರಿಯಲ್ಲಿ ಒಮ್ಮೆ ದಟ್ಟ ಮಂಜು ಕವಿದು ಅದೂ ಖರ್ಚಾಯಿತು. ಹೀಗಾಗಿ ಇವತ್ತೇ ಕೊನೆಯ ಬೆಳಗು.

ಈ ಲೇಖನಕ್ಕಾಗಿ ಮಹೇಶಕುಮಾರರಿಗೆ ಫೋನು ಮಾಡಿದ್ದೆ. ಮೊದಲು, ಆಗ ಎಲ್ಲರೂ ಕೂಡಿ ಮಾಡುತ್ತಿದ್ದೆವು, ಯಾವುದು ಯಾರದೆಂದು ನೆನಪಿಲ್ಲ ಎಂದರು. ನಾನು ಫೋನು ಇಡಲಿಲ್ಲ. ಕೊನೆಗೆ ದನಿ ತಗ್ಗಿಸಿ ಹೇಳಿದರು: "ಮೊದಲನೇ ಸೀರಿ ನಂದಲ್ಲ. ನಾ ಸುಳ್ಳು ಹೇಳೀನಿ ಅಂತಲ್ಲ, ಯಾರೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ." ನಾನು ಅದನ್ನೂ ಬರೆದುಕೊಂಡೆ.

ಚಂದಮ್ಮನ ಎದುರು ನನ್ನ ಹಳೆಯ ಲೇಖನದ ಮಾತೆತ್ತಿ ಕ್ಷಮೆ ಕೇಳಲು ಹೊರಟೆ. ಅವರು ಟ್ರಂಕಿನಿಂದ ಮಡಿಸಿದ ಒಂದು ಕಾಗದ ತೆಗೆದು ಬಿಚ್ಚಿದರು. ಅದೇ ಲೇಖನ! ಎಂಟು ವರ್ಷದಿಂದ ಜೋಪಾನ ಮಾಡಿದ್ದಾರೆ. ಕನ್ನಡ ಓದಲು ಬಾರದಿದ್ದರೂ ಯಾಕೆ ಇಟ್ಟುಕೊಂಡಿರಿ ಎಂದರೆ ಫೋಟೋ ತೋರಿಸಿದರು. ಕುರ್ಚಿಯಲ್ಲಿ ಮಹೇಶಕುಮಾರ ನಗುತ್ತಿದ್ದಾರೆ. ಚಿತ್ರದ ಎಡ ಅಂಚಿನಲ್ಲಿ, ನಮ್ಮ ಪತ್ರಿಕೆಯವರು ಕತ್ತರಿಸಿದ ಜಾಗದಲ್ಲಿ, ಹಸಿರು ಬಳೆ ತೊಟ್ಟ ಒಂದು ಕೈ ಬ್ರಷ್ ಹಿಡಿದಿದೆ.

"ಈ ಕೈ ನಂದ್ರಿ ಸರ. ಚಂದ ಬಂದದ."

ಚಂದಮ್ಮ ಅದನ್ನು ಮಡಿಸಿಟ್ಟು ಮತ್ತೆ ಬ್ರಷ್ ಹಿಡಿದರು. ಎಳೆ ಬೆಳಕು ಹೋಗಿ ಬಿಸಿಲೇರುತ್ತಿತ್ತು.

ಎಂಟೂ ಮುಕ್ಕಾಲಿಗೆ ತೃಪ್ತಿ ಸ್ಕೂಟಿಯಲ್ಲಿ ಬರುತ್ತಾರೆ. ಬಗಲಲ್ಲಿ ಕಪ್ಪು ಗೆರೆಯ ಹಾಳೆ. ಚಂದಮ್ಮ ಕೊನೆಯ ಬಿಳಿ ತೆನೆ ಇಟ್ಟು, ಬ್ರಷ್ ತೊಳೆದು, ಹಾಳೆ ಒಣಗಲೆಂದು ಗಾಳಿ ಹಾಕುತ್ತಾರೆ. ತೃಪ್ತಿ ಪಾರದರ್ಶಕ ಹಾಳೆಯನ್ನು ನಾಲ್ಕೂ ಮೂಲೆ ಕೂಡಿಸಿ ಅದರ ಮೇಲೆ ಇಡುತ್ತಾರೆ. ಮುಖ, ತೋಳು, ಬಂಡೆ, ಎಲ್ಲಕ್ಕೂ ಕಪ್ಪು ಗೆರೆ ಬಂತು. ಸೀರೆಗೆ ಬರಲಿಲ್ಲ. ಆದರೂ ನೆರಿಗೆ ನೆರಿಗೆಯಾಗಿ ಗಾಳಿಗೆ ಬಿರಿದು ನಿಂತಿದೆ.

"ಚಂದಮ್ಮಕ್ಕ, ಇನ್ನು ಯಾರೂ ಇದಕ್ಕೆ ಲೈನ್ ಹಾಕೋದಿಲ್ಲ, ಪ್ರಾಮಿಸ್" ಎಂದು ತೃಪ್ತಿ ಚೀಲದಿಂದ ಎರಡನೆಯ ಪುಟದ ಕರಡು ತೆಗೆಯುತ್ತಾರೆ. "ಇಲ್ಲಿ 'ಬಣ್ಣ' ಅಂತ ಒಂದು ಸಾಲು ಉಂಟು. ಹೆಸರು ಹೇಗೆ ಬರೀಲಿ?"

ಚಂದಮ್ಮ ಕೈಯಲ್ಲಿನ ಹಸಿರನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. "ಸುಲಭಾ, ಚಂದಮ್ಮ ಅಂತ ಬರೀರಿ. ಆಕಿ ಹೆಸ್ರು ಮುಂದಿರ್ಲಿ, ಆಕಿ ಹಿರಿಯಾಕಿ." ಆಮೇಲೆ ಸ್ವಲ್ಪ ತಡೆದು, ಕೇಳಬಹುದೋ ಬಾರದೋ ಎನ್ನುವಂತೆ, "ಅದರ ಕೆಳಗ ಇನ್ನೊಂದ ಸಾಲು ಹಿಡಿಸ್ತದೇನ್ರಿ? 'ಸೀರಿ' ಅಂತ ಬರದು ನಮ್ಮವ್ವನ ಹೆಸ್ರು ಹಾಕ್ರಿ. ನಾ ಬರೇ ನೋಡಿ ಹಚ್ಚೀನಿ. ಉಟ್ಟು ಏರಿದಾಕಿ ಆಕಿ."

ತೃಪ್ತಿ ಆಗಲೇ ಬರೆಯುತ್ತಿದ್ದಾರೆ. ಹೊಸ್ತಿಲಿನಿಂದ ಅಂಬಾಬಾಯಿ ಕೈ ಎತ್ತಿ ತಡೆಯುತ್ತಾರೆ. "ತಡೀರಿ. ಮೊದ್ಲ ತರ್ರಿ ಇಲ್ಲಿ, ನೋಡ್ತೀನಿ."

ಹಾಳೆಯನ್ನು ಅವರ ಮುಂದೆ ಹಿಡಿಯುತ್ತೇವೆ. ಅಂಬಾಬಾಯಿ ಹುಡುಗಿಯ ಮುಖ ನೋಡುವುದಿಲ್ಲ, ಕಣಿವೆ ನೋಡುವುದಿಲ್ಲ. ಸೊಂಟದ ಹಿಂದೆ ಸಿಕ್ಕಿಸಿದ ಕಚ್ಚೆಯ ತುದಿಯ ಮೇಲೆ ಬೆರಳಿಟ್ಟು, ಎಳೆದು ನೋಡುವವರ ಹಾಗೆ ಒತ್ತುತ್ತಾರೆ.

"ಈಗ ಬಿಗಿ ಅದ. ಹಾಕ್ರಿ ಹೆಸರು."